ಹೂಂ ಎಂದರೆ ಒಪ್ಪಿಗೆಯಲ್ಲ

ಬ್ಯಾಡಗಿ, ಕೆಳಓಣಿ
ಫೆಬ್ರವರಿ ಮೂವತ್ತು, 2177

ಪೂಜ್ಯರಾದ ಫಕ್ಕೀರವ್ವ ಆಯಿಯವರಿಗೆ, ನಿಮ್ಮ ಮೊಮ್ಮಗಳು ಭುವನಾಳ ಮೊಮ್ಮಗಳಿಗೆ ಮೊಮ್ಮಗಳಾಗಬೇಕಾದ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಬಿಸಿಲಿನ ತಿಂಗಳುಗಳನ್ನು ಕುಗ್ಗಿಸಿ ತಂಪಿನ ತಿಂಗಳುಗಳನ್ನು ಹಿಗ್ಗಿಸಿದ ಕಾಲದವಳು ನಾನು. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಹಾಗೆ ಮಾಡಿದ್ದರಿಂದ ಬಿಸಿಲೇನೂ ಕಡಿಮೆಯಾಗಲಿಲ್ಲ, ಸರ್ಕಾರಕ್ಕೆ ಸಮಾಧಾನವಾಯಿತು ಅಷ್ಟೆ. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಹಳೆಯ ಕಾಗದಗಳಲ್ಲಿ ಎಲ್ಲರೂ ‘ಇತ್ತ ಕ್ಷೇಮ’ ಎಂದು ಶುರು ಮಾಡುತ್ತಿದ್ದರಂತೆ. ನನಗೂ ಹಾಗೆ ಬರೆಯುವ ಆಸೆ ಇತ್ತು. ಆದರೆ ಹಿರಿಯರಿಗೆ ಮೊದಲ ಸಾಲಿನಲ್ಲೇ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಆಗಿಹೋದ ಕಾಲಕ್ಕೆ ಹೋಗುವ ಅಂಚೆ. ಜೀವನದಲ್ಲಿ ಒಬ್ಬರಿಗೆ ಒಂದೇ ಪತ್ರ. ತಲುಪಿತೋ ಇಲ್ಲವೋ ಎಂದು ತಿಳಿಯುವ ದಾರಿಯಿಲ್ಲ, ಏಕೆಂದರೆ ತಲುಪಿ ಏನಾದರೂ ಬದಲಾದರೆ, ಮೊದಲು ಹೇಗಿತ್ತು ಎಂಬುದು ಇಲ್ಲಿ ಯಾರಿಗೂ ನೆನಪಿರುವುದಿಲ್ಲ. ಹೆಚ್ಚಿನವರು ತೀರಿಕೊಂಡ ಗಂಡನಿಗೋ ಮಗನಿಗೋ ‘ಆ ದಿನ ಆ ಬಂಡಿ ಹತ್ತಬೇಡ’ ಎಂದು ಬರೆಯುತ್ತಾರೆ. ನಾನು ಮುಖವನ್ನೇ ನೋಡದ ನಿಮಗೆ ಬರೆಯುತ್ತಿದ್ದೇನೆ. ನಿಮಗೆ ಓದು ಬಾರದು ಎಂದು ಬಲ್ಲೆ, ಭುವನಾ ಓದಿ ಹೇಳಲಿ. ಹಾಗೆ ಕೂರುವ ಮೊದಲು ಮನೆಯಲ್ಲಿರುವ ಫೋನುಗಳನ್ನೆಲ್ಲ ಹೊರಗಿನ ಕಟ್ಟೆಯ ಮೇಲೆ ಇಟ್ಟು ಬನ್ನಿ. ಅವಳು ಓದುತ್ತಾ ಹೋದಂತೆ ನೀವು ಹೂಂ ಎನ್ನುತ್ತಾ ಹೋಗುತ್ತೀರಿ, ಅದು ನನಗೆ ಗೊತ್ತು.

ಆ ಹೂಂ ಬಗ್ಗೆಯೇ ಈ ಪತ್ರ, ಆಯಿ. ನೀವು ಮೆಣಸಿನಕಾಯಿ ಅಂಗಳದಲ್ಲಿ ತೊಟ್ಟು ಬಿಡಿಸುತ್ತಾ ಕಥೆ ಹೇಳುವಾಗ ಸಾಲಾಗಿ ಕೂತ ಹೆಂಗಸರೆಲ್ಲ ಹೂಂ, ಹೂಂ ಎನ್ನುತ್ತಿದ್ದರಲ್ಲ, ಕೈಗೂ ಕಣ್ಣಿಗೂ ಬಿಡುವಿಲ್ಲದಿದ್ದರೂ ಕಿವಿ ನಿಮ್ಮ ಕಡೆಗಿದೆ ಎಂದು ತಿಳಿಸುವ ಆ ಸದ್ದು, ಅದು ಈಗ ನಮ್ಮಲ್ಲಿ ಇಲ್ಲ. ಯಾರೂ ಅನ್ನುವುದಿಲ್ಲ. ಕಾನೂನಿನ ಪ್ರಕಾರ ಹೂಂ ಎಂದರೆ ಸಹಿ. ನಿಮ್ಮ ಕಾಲದ ಫೋನುಗಳು ಸವೆದು ಸವೆದು ಕೊನೆಗೆ ಗೋಡೆ ಸೇರಿದವು, ಅವನ್ನು ನಾವು ಕೇಳುಗೋಡೆ ಎನ್ನುತ್ತೇವೆ. ಮನೆಯಲ್ಲಿ, ಓಣಿಯಲ್ಲಿ, ಆಸ್ಪತ್ರೆಯಲ್ಲಿ, ಮಸಣದಲ್ಲಿ ಕೂಡ ಕೇಳುಗೋಡೆ ಇದೆ. ಅದು ಇಡೀ ದಿನ ಏನಾದರೊಂದು ಅನುಮತಿ ಕೇಳುತ್ತಲೇ ಇರುತ್ತದೆ, ಅದೂ ಮೆಲ್ಲಗೆ, ನಮ್ಮ ನಮ್ಮ ಮಾತಿನ ಸಂದಿಯಲ್ಲಿ. ಆ ಹೊತ್ತಿಗೆ ನೀವು ಯಾರಿಗೆ ಹೂಂ ಅಂದರೂ ಅದು ತನಗೇ ಅಂದದ್ದು ಎಂದು ಬರೆದುಕೊಳ್ಳುತ್ತದೆ. ನಮ್ಮ ಓಣಿಯ ಮೈಲಾರಪ್ಪನಿಗೆ ತಮ್ಮ ತೀರಿಕೊಂಡ ಸುದ್ದಿ ಬಂತು. ಸುದ್ದಿ ತಂದವನು ಹೇಗಾಯಿತು, ಏನಾಯಿತು ಎಂದು ವಿವರಿಸುತ್ತಿದ್ದ. ಪಾಪ, ಮೈಲಾರಪ್ಪ ಮೈಮರೆತು ಹೂಂ ಎಂದುಬಿಟ್ಟ. ಆ ಹೊತ್ತಿಗೆ ಗೋಡೆ ಅನುಮತಿ ಕೇಳುತ್ತಿದ್ದದ್ದು ಅವನ ಅಳುವಿನ ದನಿಗೆ. ಆಮೇಲೆ ಅವನು ಅತ್ತದ್ದೆಲ್ಲ ಗೋಡೆಯ ಮಾಲೀಕರದಾಯಿತು. ಈಗ ಅಳುವವರಿಲ್ಲದ ಸಾವಿನ ಮನೆಗಳಿಗೆ ಆ ಅಳು ಬಾಡಿಗೆಗೆ ಹೋಗುತ್ತದೆ. ಹಾವೇರಿಯಲ್ಲಿ ಯಾರದೋ ಮಣ್ಣಿಗೆ ಹೋದಾಗ ತನ್ನ ಅಳು ತಾನೇ ಕೇಳಿ ಬಂದವನು ಮೂರು ದಿನ ಊಟ ಬಿಟ್ಟ.

ಹಾಗಾಗಿ ನಾವು ಬಾಯಿಗೆ ಬೀಗ ಹಾಕಿಕೊಂಡು ಕೇಳುವುದನ್ನು ಕಲಿತಿದ್ದೇವೆ. ಯಾರಾದರೂ ಮಾತಾಡುತ್ತಿದ್ದರೆ ಎರಡು ಬೆರಳಿನಿಂದ ಮೊಣಕಾಲು ತಟ್ಟುತ್ತೇವೆ. ಎದುರಿಗೆ ಕೂತವರಿಗೆ ಅದು ಸಾಕು. ಆದರೆ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುವವಳಿಗೆ ಹಿಂದೆ ಕೂತವನ ಮೊಣಕಾಲು ಕಾಣುವುದಿಲ್ಲ. ಹಾಸಿಗೆ ಹಿಡಿದು ಕಣ್ಣು ಮುಚ್ಚಿಕೊಂಡವರಿಗೂ ಕಾಣುವುದಿಲ್ಲ. ಅವರು ಒಂದಿಷ್ಟು ಮಾತಾಡಿ, ಕೇಳುವವರಿಲ್ಲ ಎಂದುಕೊಂಡು ನಿಲ್ಲಿಸಿಬಿಡುತ್ತಾರೆ. ಕಥೆ ಹೇಳುವುದು ಹಾಗೆಯೇ ನಿಂತುಹೋಯಿತು. ಯಾರೂ ಅದನ್ನು ನಿಷೇಧಿಸಲಿಲ್ಲ. ಹೂಂಗುಟ್ಟುವವರಿಲ್ಲದ ಕಥೆಯನ್ನು ಎಷ್ಟು ದೂರ ಎಳೆಯಲು ಸಾಧ್ಯ ಹೇಳಿ? ನಿಮ್ಮವರು ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎನ್ನುತ್ತಿದ್ದರಂತೆ. ಎಂಥ ಸುಖದ ಕಾಲ ಅದು! ನಮ್ಮಲ್ಲಿ ಆಡಿದ ಮಾತು ಹೋಗುವುದೇ ಇಲ್ಲ, ಮಾಲೀಕರ ಕೈಯಲ್ಲಿ ಉಳಿದುಬಿಡುತ್ತದೆ.

ಇದೆಲ್ಲಕ್ಕೂ ನಿಮಗೂ ಏನು ಸಂಬಂಧ ಎಂದು ಭುವನಾ ಕೇಳುತ್ತಿರಬಹುದು. ಹೇಳುತ್ತೇನೆ, ಮಗಳೇ. (ಮುತ್ತಜ್ಜಿಗಿಂತ ಮೇಲಿನವಳನ್ನು ಮಗಳೇ ಅಂದದ್ದಕ್ಕೆ ಕೋಪ ಬೇಡ. ಇದನ್ನು ಓದುವಾಗ ನಿನಗೆ ಹದಿನೈದು, ಬರೆಯುವಾಗ ನನಗೆ ಅರವತ್ತೆರಡು.) ನಿಮ್ಮ ಅಂಗಳಕ್ಕೆ ಕೊಟ್ರೇಶ ಎಂಬ ಹುಡುಗನೊಬ್ಬ ಬರುತ್ತಾನೆ. ಬಹುಶಃ ಇನ್ನೂ ಬಂದಿಲ್ಲ. ಹುಬ್ಬಳ್ಳಿಯವನು, ದಪ್ಪ ಕನ್ನಡಕ, ಮೆಣಸಿನಕಾಯಿ ರಾಶಿಯ ಹತ್ತಿರ ಕೂತು ಒಂದೇ ಸಮನೆ ಸೀನುವವನು. ಅಜ್ಜಿಯರ ಕಥೆಗಳು ಸತ್ತುಹೋಗಬಾರದು ಎಂದು ಅವನೊಂದು ಆ್ಯಪ್ ಮಾಡಿರುತ್ತಾನೆ, ಹೆಸರು ಕಥೆಗಂಟು. ಅಂಗಳದ ಹೆಂಗಸರಿಗೆಲ್ಲ ಚಹಾ ತರಿಸಿ, ತಾನೂ ಕುಡಿದು, ಕಣ್ಣು ಮೂಗು ಒರೆಸಿಕೊಳ್ಳುತ್ತಾ ನಿಮ್ಮ ಕಥೆಗಳನ್ನು ಕೇಳುತ್ತಾನೆ. ಅವನನ್ನು ನೀವು ನಂಬುತ್ತೀರಿ. ಅದರಲ್ಲಿ ತಪ್ಪೇನಿಲ್ಲ ಆಯಿ, ನಾನಾಗಿದ್ದರೂ ನಂಬುತ್ತಿದ್ದೆ. ಅವನು ಒಳ್ಳೆಯವನು, ಸಾಯುವವರೆಗೂ ಒಳ್ಳೆಯವನಾಗಿಯೇ ಇದ್ದ. ನನಗೆ ಸಂಕಟವಾಗುವುದೇ ಅಲ್ಲಿ. ಅವನು ಕಳ್ಳನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಭುವನಾಳ ಫೋನಿನಲ್ಲಿ ಆ ಆ್ಯಪ್ ಹಾಕುತ್ತಾರೆ. ಓದು ಬಾರದವರಿಗೆ ಅನುಕೂಲವಾಗಲಿ ಎಂದು ಕೊಟ್ರೇಶ ಅದಕ್ಕೆ ಮಾತು ಕಲಿಸಿರುತ್ತಾನೆ. ಬರಹ ತೋರಿಸಿ ಗುಂಡಿ ಒತ್ತು ಎನ್ನುವ ಬದಲು ಅದು ಬಾಯಲ್ಲೇ ಕೇಳುತ್ತದೆ, ಬಾಯಲ್ಲೇ ಉತ್ತರ ತೆಗೆದುಕೊಳ್ಳುತ್ತದೆ. ನಿಮ್ಮ ದನಿ ಮುದ್ರಿಸಿಕೊಳ್ಳಲು, ನೀವಿರುವ ಜಾಗ ತಿಳಿಯಲು, ಫೋನಿನಲ್ಲಿರುವ ನಂಬರುಗಳನ್ನು ನೋಡಲು, ಈ ದನಿಯಿಂದ ಹೊಸ ಮಾತು ತಯಾರಿಸಲು ಎಂದು ಅದು ಒಂದೊಂದೇ ಹೇಳುತ್ತಾ ಹೋಯಿತು. ಯಾರಾದರೂ ನಮ್ಮೆದುರು ಕೂತು ಇಷ್ಟು ವಿನಯದಿಂದ ಮಾತಾಡಿದರೆ ಕಲ್ಲಿನಂತೆ ಸುಮ್ಮನಿರುವುದು ನಮ್ಮ ಕಡೆ ಮರ್ಯಾದೆಯಲ್ಲ. ನೀವು ಕೈಯಲ್ಲಿ ತೊಟ್ಟು ಬಿಡಿಸುತ್ತಲೇ ಪ್ರತಿಯೊಂದಕ್ಕೂ ಹೂಂ ಎಂದಿರಿ. ಹೇಳಪ್ಪಾ, ಕೇಳುತ್ತಿದ್ದೇನೆ, ಮುಂದೇನು ಎನ್ನುವ ಹೂಂ. ಅದು ಒಪ್ಪಿಗೆ ಎಂದು ಬರೆದುಕೊಂಡಿತು. ಕೊನೆಗೆ, ಇದೆಲ್ಲ ನಿಮ್ಮ ನಂತರದವರಿಗೂ ಅನ್ವಯಿಸಬಹುದೇ ಎಂದು ಕೇಳಿತು. ನಿಮಗೆ ಅದೇನೆಂದು ಪೂರ್ತಿ ತಿಳಿಯಲಿಲ್ಲ, ಆದರೂ ಮಕ್ಕಳು ಮರಿಯ ಮಾತು ಬಂದೊಡನೆ ಯಾಕೋ ಅಳುಕಾಯಿತು. ‘ಊಹೂಂ’ ಎಂದಿರಿ. ದೂರದಲ್ಲೆಲ್ಲೋ ತಯಾರಾದ ಆ ಯಂತ್ರದ ಕಿವಿ ಊಹೂಂ ಎಂಬ ಮಾತನ್ನು ಅರಿಯದು. ಮೊದಲಿನ ಅಕ್ಷರವನ್ನು ಕೆಮ್ಮೆಂದು ತೆಗೆದುಹಾಕಿ, ಉಳಿದದ್ದನ್ನು ಹೂಂ ಎಂದು ಬರೆದುಕೊಂಡಿತು.

ಆರು ವರ್ಷಗಳ ನಂತರ ಕೊಟ್ರೇಶನ ತಾಯಿಗೆ ಕಾಯಿಲೆಯಾಯಿತು, ಅವನು ಆ್ಯಪ್ ಮಾರಿದ. ಕೊಂಡವರು ಇನ್ನೊಬ್ಬರಿಗೆ ಮಾರಿದರು, ಅವರು ಮತ್ತೊಬ್ಬರಿಗೆ. ಫೋನಿನ ಮೇಲಿನ ಚಿತ್ರ ಅದೇ, ಹೆಸರು ಅದೇ, ಒಳಗಿನ ಮಾಲೀಕ ಮಾತ್ರ ಬೇರೆ. ನೀವು ನಂಬಿದ್ದು ಸೀನುವ ಹುಡುಗನನ್ನು, ಅನುಮತಿ ಕೊಟ್ಟದ್ದು ಆ್ಯಪ್‌ಗೆ. ಹುಡುಗ ಹೋದ, ಅನುಮತಿ ಉಳಿಯಿತು. ಆಮೇಲಿನ ಮಾಲೀಕರಿಗೆ ನಿಮ್ಮ ಕಥೆಗಳು ಬೇಕಾಗಿರಲಿಲ್ಲ. ಕಥೆಯ ನಡುವೆ ಭುವನಾಗೆ ತೂಕಡಿಕೆ ಬಂದಾಗ ನೀವು ಪ್ರೀತಿಯಿಂದ ಗದರುತ್ತಿದ್ದಿರಲ್ಲ, ‘ಹೂಂ ಅನ್ನವ್ವಾ, ಹೂಂ ಅನ್ನs ನನ ಬಂಗಾರ’ ಎಂದು, ಅವರಿಗೆ ಬೇಕಾದದ್ದು ಅದೊಂದೇ. ಹುಬ್ಬಳ್ಳಿಯಿಂದ ದಾವಣಗೆರೆವರೆಗೆ ಇಂದು ಯಾವ ಕೇಳುಗೋಡೆಯ ಮುಂದೆ ನಿಂತರೂ ಅನುಮತಿ ಕೇಳುವುದು ನಿಮ್ಮ ದನಿ, ಆಯಿ. ಅದೇ ಸ್ವಲ್ಪ ಒಡೆದ ಗಂಟಲು, ಅದೇ ‘ನನ ಬಂಗಾರ’. ಬೇರೆ ಯಾವ ದನಿಗೂ ಜನ ಇಷ್ಟು ಬೇಗ ಸೋಲುವುದಿಲ್ಲವಂತೆ. ಗಟ್ಟಿ ಗಂಡಸರು ಕೂಡ ತಮ್ಮ ಅಜ್ಜಿ ನೆನಪಾಗಿ ಹೂಂ ಎಂದು, ಆಮೇಲೆ ತಲೆ ಚಚ್ಚಿಕೊಳ್ಳುತ್ತಾರೆ.

ನನ್ನ ತಾಯಿ ಶಿವಲೀಲಾ ಇದನ್ನು ಪ್ರಶ್ನಿಸಿ ಗೋಡೆಯ ಕಂಪನಿಯ ಮೇಲೆ ದಾವೆ ಹೂಡಿದಳು. ಎಂಟು ವರ್ಷ ನಡೆಯಿತು. ನಾನು ಆಗ ಮೂವತ್ತರ ಹೆಂಗಸು, ವಿಚಾರಣೆಯ ಕೊನೆಯ ದಿನ ಅವಳ ಪಕ್ಕದಲ್ಲೇ ಇದ್ದೆ. ನ್ಯಾಯಾಲಯದಲ್ಲಿ ನಿಮ್ಮ ಮೂಲ ಮುದ್ರಣವನ್ನು ಕೇಳಿಸಿದರು. ಹಿನ್ನೆಲೆಯಲ್ಲಿ ಯಾರೋ ಸೀನಿದ್ದು, ಚಹಾದ ಲೋಟದ ಸದ್ದು, ಆಮೇಲೆ ನಿಮ್ಮ ಊಹೂಂ. ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು, ನ್ಯಾಯಾಧೀಶರು ಇನ್ನೊಮ್ಮೆ ಹಾಕಿಸಿ ಕೇಳಿದರು. ಅವ್ವ ನನ್ನ ಕೈ ಹಿಡಿದುಕೊಂಡಳು, ಗೆದ್ದೆವು ಎಂದುಕೊಂಡೆವು. ಅವ್ವ ಎದ್ದು ನಿಂತು ತನ್ನ ಮಾತನ್ನೂ ಹೇಳಿದಳು: ‘ನಮ್ಮ ಕಡೆ ಹೂಂ ಅಂದ್ರ ಒಪ್ಪಿಗಿ ಅಲ್ಲರೀ ಸಾಹೇಬ್ರ, ಕೇಳಾಕತ್ತೇನಿ ಅಂತ ಅರ್ಥ. ಹೇಳೂ ಮನಷಾಗ ಧೈರ್ಯ ಬರ್ಲಿ ಅಂತ ಅನ್ನೂದರೀ ಅದು.’

ಕಂಪನಿಯ ವಕೀಲ ಸಭ್ಯ ಮನುಷ್ಯ. ನಮ್ಮ ಕಡೆಯವನೇ ಆಗಿದ್ದಿರಬೇಕು. ಅವ್ವ ಕೂತ ಮೇಲೆ ನಿಧಾನವಾಗಿ ಅವಳ ಹತ್ತಿರ ಬಂದು, ಮನೆಯ ಮಗನಂತೆ ಮಾತಾಡಿದ. ‘ನೋಡ್ರಿ ಅವ್ವಾರ, ನಿಮ್ಮ ಮುತ್ತಜ್ಜಿಯ ಅಜ್ಜಿಯಾರು ಅವತ್ತ ಅಂಗಳದಾಗ ಕುಂತಿದ್ರು’ ಎಂದ. ಅವ್ವ ಮೊಣಕಾಲು ತಟ್ಟಿದಳು. ‘ಮೆಣಸಿನಕಾಯಿ ತೊಟ್ಟ ಬಿಡಸಾಕತ್ತಿದ್ರು.’ ತಟ್ಟಿದಳು. ಅವನು ನಿಮ್ಮ ವಿಷಯವನ್ನು ಎಷ್ಟು ಚೆಂದವಾಗಿ ಹೇಳಿದನೆಂದರೆ ಅವ್ವನ ಕಣ್ಣು ತುಂಬಿ ಬಂತು. ಯಾರ ಬಾಯಲ್ಲೂ ಅವಳು ನಿಮ್ಮ ಬಗ್ಗೆ ಅಷ್ಟು ಕೇಳಿರಲಿಲ್ಲ. ಅವನು ದನಿ ತಗ್ಗಿಸಿ, ‘ಆವಾಗ ಆ ಹಿರಿಯಾಕಿ ತಿಳದs ಒಪ್ಪಿಗಿ ಕೊಟ್ಲು…’ ಎಂದು ಅರ್ಧಕ್ಕೆ ನಿಲ್ಲಿಸಿದ. ಮುಂದೇನು ಎಂದು ತಿಳಿಯುವ ಆತುರದಲ್ಲಿ ಅವ್ವ ‘ಹೂಂ’ ಎಂದಳು.

ವಕೀಲ ಹೋಗಿ ಕೂತುಕೊಂಡ. ಮುಂದಿನ ಮಾತು ಇರಲೇ ಇಲ್ಲ. ವಾದಿಯೇ ಒಪ್ಪಿಕೊಂಡಿದ್ದಾರೆ ಎಂದು ಬರೆದುಕೊಂಡರು, ತೀರ್ಪಿನಲ್ಲಿ ಆ ಒಂದು ಸದ್ದಿನ ಮೇಲೆಯೇ ಎಲ್ಲ ನಿಂತಿತು. ಅಲ್ಲಿಯವರೆಗೆ ಕಂಪನಿಯ ವಾದ ಮಾತ್ರವಾಗಿದ್ದ ‘ಹೂಂ ಎಂದರೆ ಸಹಿ’ ಎಂಬುದು ಆ ತೀರ್ಪಿನಿಂದ ಕಾನೂನಾಯಿತು. ಅವ್ವ ಆಮೇಲೆ ಹನ್ನೊಂದು ವರ್ಷ ಬದುಕಿದ್ದಳು. ಓಣಿಯವರು ಅವಳಿಗೆ ಏನೂ ಅನ್ನಲಿಲ್ಲ, ಅವಳೇ ತನ್ನನ್ನು ತಾನು ಕ್ಷಮಿಸಲಿಲ್ಲ. ಅವಳು ಮನಸ್ಸಿಟ್ಟು ಕೇಳುವವಳಾಗಿದ್ದಳು, ಅವಳು ಮಾಡಿದ್ದು ಅಷ್ಟೆ. ಅವಳನ್ನು ನೆನೆದರೆ ಈಗಲೂ ನನಗೆ ಅಳು ಬರುತ್ತದೆ, ಗೋಡೆಯಿರುವ ಕಡೆ ಅಳಲಾಗದೆ ಇಲ್ಲಿ ಕಾಗದದ ಮೇಲೆ ಅಳುತ್ತಿದ್ದೇನೆ.

ಈಗ ಕೆಂಚಿಯ ವಿಷಯ. ಕೆಂಚವ್ವ ನನ್ನ ಮೊಮ್ಮಗಳು. ಹಳೆಯ ಹೆಸರುಗಳು ನಮ್ಮಲ್ಲಿ ಮತ್ತೆ ಫ್ಯಾಶನ್ ಆಗಿವೆ. ನಾಳೆ ಅವಳಿಗೆ ಐದು ತುಂಬುತ್ತದೆ. ಐದರವರೆಗೆ ಮಕ್ಕಳ ಹೂಂಗೆ ಬೆಲೆಯಿಲ್ಲ, ಗೋಡೆ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದ್ದರಿಂದ ಈ ಎರಡು ವರ್ಷ ನಾನು ಅವಳಿಗೆ ಹೊಟ್ಟೆ ತುಂಬ ಕಥೆ ಹೇಳಿದ್ದೇನೆ, ಅವಳು ಬಾಯಿ ತುಂಬ ಹೂಂ ಎಂದಿದ್ದಾಳೆ. ಈ ಓಣಿಯಲ್ಲಿ ಆ ಸದ್ದು ಹೊರಡುವುದು ನಮ್ಮ ಮನೆಯಿಂದ ಮಾತ್ರ. ಹೊರಗೆ ಹೋಗುವ ಮುದುಕರು ನಮ್ಮ ಬಾಗಿಲ ಬಳಿ ನಡಿಗೆ ನಿಧಾನ ಮಾಡುತ್ತಾರೆ. ನಾಳಿದ್ದಿನಿಂದ ಅವಳು ಗಂಟಲುಪಾಠಕ್ಕೆ ಹೋಗಬೇಕು. ಅಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ, ಒಂದೊಂದು ಮಗುವೂ ತನ್ನ ಗಂಟಲ ಮೇಲೆ ತಾನೇ ಬೆರಳಿಟ್ಟುಕೊಳ್ಳುವಂತೆ ಮಾಡಿ, ಏನೇ ಕೇಳಿದರೂ ಅಲ್ಲಿ ಅದುರದಂತೆ ಇರುವುದನ್ನು ಕಲಿಸುತ್ತಾರೆ. ಕಳಿಸದೆ ಬೇರೆ ದಾರಿಯಿಲ್ಲ. ಮಕ್ಕಳಿಂದ ಗೋಡೆ ಮೊದಲು ಕೇಳುವುದು ನಗುವನ್ನು, ಅದಕ್ಕೆ ಬೇಡಿಕೆ ಹೆಚ್ಚು. ಮತ್ತು ಕೇಳುವುದು ನಿಮ್ಮ ದನಿಯಲ್ಲಿ. ಕೆಂಚಿಗೆ ನಿಮ್ಮ ದನಿ ಎಂದರೆ ಪ್ರಾಣ. ಗೋಡೆಗೆ ಕೆನ್ನೆ ಹಚ್ಚಿ ‘ಈಕಿ ಹಳೀ ಆಯಿ’ ಎನ್ನುತ್ತಾಳೆ, ‘ಕಥಿ ಹೇಳಬೇ’ ಎಂದು ಕೇಳುತ್ತಾಳೆ. ಅದು ಕಥೆ ಹೇಳುವುದಿಲ್ಲ, ಹೂಂ ಅನ್ನು ಎಂದಷ್ಟೇ ಹೇಳುತ್ತದೆ. ಅವಳು ಅನ್ನುತ್ತಾಳೆ. ನಾಳೆಯವರೆಗೆ ಪರವಾಗಿಲ್ಲ.

ಆಯಿ, ನಿಮ್ಮ ಕಾಲದಲ್ಲಿ ಕೊಟ್ಟ ಅನುಮತಿಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತಂತೆ. ಫೋನಿನ ಸೆಟ್ಟಿಂಗ್ಸ್ ಒಳಗೆ ಹೋದರೆ ಯಾವ ಆ್ಯಪ್‌ಗೆ ಏನು ಕೊಟ್ಟಿದ್ದೀರಿ ಎಂದು ಕಾಣುತ್ತಿತ್ತಂತೆ, ಬೆರಳಿನಿಂದ ಒತ್ತಿದರೆ ಮುಚ್ಚಿಹೋಗುತ್ತಿತ್ತಂತೆ. ಇದನ್ನು ಓದಿದ ದಿನ ನನಗೆ ನಂಬಲಾಗಲಿಲ್ಲ. ಅಷ್ಟು ಸುಲಭವಾಗಿತ್ತೇ? ಹಾಗಾದರೆ ಯಾಕೆ ಯಾರೂ ಒತ್ತಲಿಲ್ಲ? ನಿಮ್ಮ ಮೇಲೆ ಸಿಟ್ಟೂ ಬಂತು, ಸುಳ್ಳು ಹೇಳುವುದಿಲ್ಲ. ಹಾಲು ಹಾಕಲು ಬಂದವನು ಟ್ರಂಕಿನ ಕೀಲಿ ಕೇಳಿದರೆ ಬಾಯಿಗೆ ಬಂದಂತೆ ಬೈದು ಕಳಿಸುತ್ತಿದ್ದ ಜನ ನೀವು. ಟಾರ್ಚಿನಂತೆ ಬೆಳಕು ಬೀರುವ ಯಾವುದೋ ಆ್ಯಪ್ ನಿಮ್ಮ ತವರಿನವರ ನಂಬರು ಕೇಳಿದಾಗ ಯಾಕೆ ಎಂದು ಒಂದು ಮಾತು ಕೇಳಬಾರದಿತ್ತೇ? ಅದು ಮಾಡುವ ಕೆಲಸಕ್ಕೆ ಅದು ಕೇಳುವ ವಸ್ತು ಬೇಕೇ ಎಂದು ಯೋಚಿಸಿದ್ದರೆ ಸಾಕಿತ್ತು. ಮಾಡಿದವನು ಯಾರು ಎಂದು ನೋಡಿದಿರಿ, ಅದು ಸರಿ. ಅವನಾದ ಮೇಲೆ ಯಾರು ಎಂದು ಆಗಾಗ ನೋಡಬೇಕಿತ್ತು. ಭುವನಾ, ಕೊಟ್ರೇಶ ಆಗಲೇ ಬಂದು ಹೋಗಿದ್ದರೆ ಇಂದೇ ಆ ಸೆಟ್ಟಿಂಗ್ಸ್ ತೆಗೆದು ಎಲ್ಲವನ್ನೂ ಮುಚ್ಚು, ಮುದ್ರಿಸಿದ್ದನ್ನು ಅಳಿಸು ಎಂದು ಅವನಿಗೆ ಹೇಳು. ಅವನು ಅಳಿಸುತ್ತಾನೆ. ಅವನ ಕೈಯಲ್ಲಿರುವವರೆಗೆ ನಿಮ್ಮ ಮಾತಿಗೆ ಬೆಲೆಯಿದೆ.

ಇನ್ನೂ ಬಂದಿಲ್ಲವಾದರೆ, ಬಂದಾಗ ಅವನಿಗೆ ಚಹಾ ಕೊಡಿ, ಕಥೆಯನ್ನೂ ಹೇಳಿ. ಫೋನು ಮುಂದಿಟ್ಟು ಅದು ಕೇಳತೊಡಗಿದಾಗ ಸುಮ್ಮನಿರಬೇಡಿ, ಹೂಂ ಎನ್ನಬೇಡಿ, ಊಹೂಂ ಎಂದೂ ಅನ್ನಬೇಡಿ. ‘ಬ್ಯಾಡ’ ಎನ್ನಿ. ಊರಿನ ಹೆಸರಲ್ಲೇ ಬ್ಯಾಡ ಎಂದು ಇಟ್ಟುಕೊಂಡವರಿಗೆ ಅದೊಂದು ಮಾತು ಕಷ್ಟವಾಗಬಾರದು. ಯಾವ ಯಂತ್ರವೂ ಅದನ್ನು ಬೇರೆ ಏನೋ ಎಂದು ಕೇಳಿಸಿಕೊಳ್ಳಲಾರದು. ಹುಡುಗನಿಗೆ ಬೇಸರವಾಗಬಹುದು. ಆಗಲಿ, ಕಥೆ ಬೇಕಿದ್ದರೆ ಅವನೇ ಕಲಿತುಕೊಂಡು ಹೋಗಿ ತನ್ನ ಮಕ್ಕಳಿಗೆ ಹೇಳಲಿ.

ಇದರಿಂದ ನನಗಾಗುವ ನಷ್ಟ ನನಗೆ ಗೊತ್ತು. ನೀವು ಬ್ಯಾಡ ಎಂದರೆ ನಿಮ್ಮ ದನಿ ನಿಮ್ಮ ಜೊತೆಗೇ ಮಣ್ಣಾಗುತ್ತದೆ. ನಾನು ಹುಟ್ಟಿದಂದಿನಿಂದ ಕೇಳಿದ ದನಿ ಅದು, ಆಯಿ. ಅವ್ವ ತೀರಿಕೊಂಡ ದಿನ, ಅದು ಏನು ಕೇಳುತ್ತಿದೆ ಎಂದು ಗೊತ್ತಿದ್ದೂ, ಗಂಟಲ ಮೇಲೆ ಬೆರಳಿಟ್ಟುಕೊಂಡು ಗೋಡೆಗೆ ಒರಗಿ ಕೂತು ನಿಮ್ಮ ‘ನನ ಬಂಗಾರ’ ಕೇಳಿದ್ದೇನೆ. ಬೇರೆ ಯಾರು ನನಗೆ ಹಾಗೆ ಅನ್ನುವವರಿದ್ದರು? ಅದಿಲ್ಲದ ನೀಲಗಂಗಾ ಯಾರೋ ಬೇರೆಯೇ ಆಗಿರುತ್ತಾಳೆ. ನಿಮ್ಮ ಹೆಸರು ಕೂಡ ಅವಳಿಗೆ ತಿಳಿದಿರುವುದಿಲ್ಲ. ಈ ಪತ್ರವನ್ನೂ ಅವಳು ಬರೆಯುವುದಿಲ್ಲ. ಆದರೂ ಬ್ಯಾಡ ಎನ್ನಿ.

ಊಟದ ಹೊತ್ತಾಯಿತು. ಕೆಂಚಿ ಕೈ ತೊಳೆದುಕೊಂಡು ಬಂದು ಕೂತಿದ್ದಾಳೆ. ನಾಳೆ ತನಗೆ ಏನೋ ಬಹುಮಾನ ಸಿಗುತ್ತದೆ ಎಂದುಕೊಂಡಿದ್ದಾಳೆ, ಕಥೆ ಶುರು ಮಾಡು ಎಂದು ನನ್ನ ಸೆರಗು ಎಳೆಯುತ್ತಿದ್ದಾಳೆ. ಇಂದು ಹೇಳುವ ಕಥೆಗೆ ಕೊನೆ ಏನೆಂದು ನಾನು ಯೋಚಿಸಿಲ್ಲ. ಅವಳು ಹೂಂ ಎನ್ನುವಷ್ಟು ಹೊತ್ತೂ ಹೇಳುತ್ತೇನೆ.

ನಿಮ್ಮವಳು,
ನೀಲಗಂಗಾ